ಕೋಟಿನ ಕಾಲರಿನ ಮಸಿ

ಅಥವಾ ಅದು ಬಲಗೆನ್ನೆಯೇ ಇರಬೇಕು. ಎಡಗೆನ್ನೆ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ, ಒಮ್ಮೆ ಬರೆದೂ ಇದ್ದೇನೆ. ಆದರೆ ಮೊನ್ನೆ ಟ್ರಂಕಿನಲ್ಲಿ ಸಿಕ್ಕ ಫೋಟೋದಲ್ಲಿ ಮಸಿಯ ಬೊಟ್ಟು ಮಗಳ ಬಲಗೆನ್ನೆಯ ಮೇಲಿದೆ. ದದ್ದು ಎದ್ದದ್ದು ಎಡಗೆನ್ನೆಗೆ, ಅದು ನನಗೆ ಖಚಿತ. ಎರಡೂ ನಿಜವಾದರೆ ನಾನು ಮುಂದೆ ಹೇಳಲಿರುವುದು ನಿಲ್ಲುವುದಿಲ್ಲ. ಫೋಟೋದಲ್ಲಿ ನನ್ನ ಕೈಗಡಿಯಾರವೂ ಬಲಗೈಯಲ್ಲಿದೆ, ಆದ್ದರಿಂದ ಸ್ಟುಡಿಯೋದವನು ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿರಬಹುದು. ಆದರೆ ಆ ವರ್ಷ ಎಡ ಮಣಿಕಟ್ಟು ಸುಟ್ಟು ಕೆಲವು ತಿಂಗಳು ಗಡಿಯಾರವನ್ನು ಬಲಗೈಗೇ ಕಟ್ಟಿಕೊಳ್ಳುತ್ತಿದ್ದೆ. ಯಾವ ತಿಂಗಳುಗಳು ಎಂಬುದು ನೆನಪಿಲ್ಲ. ಅಂಗಿಯ ಜೇಬು ಯಾವ ಕಡೆ ಇದೆ ಎಂದು ನೋಡಿ ತೀರ್ಮಾನಿಸಬಹುದಿತ್ತು. ಜೇಬಿನ ಜಾಗದಲ್ಲಿ ಕೂಸು ಇದೆ.

ಹೆಂಡತಿಯನ್ನು ಕೇಳಿದೆ. “ಎರಡೂ ಗಲ್ಲಕ್ಕ ಎದ್ದಿತ್ತು, ನಿಮಗ ಒಂದೇ ಕಂಡದ,” ಎಂದಳು.

ನಾನು ಅಗ್ನಿಶಾಮಕ ಠಾಣೆಯಲ್ಲಿ ಕೆಲಸ ಮಾಡಿದವನು. ಯಾದಗಿರಿ, ಶಹಾಪುರ, ಸುರಪುರ, ಮೂರೂ ಕಡೆಯ ಬೆಂಕಿಗೆ ಹೋಗಿದ್ದೇನೆ. ಇದು ನಡೆದ ಠಾಣೆ ಯಾವುದೆಂದು ಹೇಳುವುದಿಲ್ಲ, ಅಲ್ಲಿದ್ದವರ ಮಕ್ಕಳು ಈಗಲೂ ಆ ಕಡೆ ಇದ್ದಾರೆ. ಠಾಣೆಯ ಹಿಂದೆ ನಮ್ಮ ಕ್ವಾರ್ಟರ್ಸ್, ಅದರ ಹಿಂದೆ ಕಾಲುವೆಯ ಒಂದು ಕವಲು. ಕವಲಿನಲ್ಲಿ ನೀರು ಸರದಿಯ ಮೇಲೆ ಬರುತ್ತಿತ್ತು, ಬೇಸಿಗೆಯಲ್ಲಿ ಪೂರ್ತಿ ನಿಲ್ಲುತ್ತಿತ್ತು. ನಮಗೆ ಹೆಚ್ಚು ಕೆಲಸವಿರುತ್ತಿದ್ದದ್ದು ಬೇಸಿಗೆಯಲ್ಲಿ.

ಠಾಣೆಯಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ದೇವಾಪುರದವರು. ಬೆಂಕಿ ಇಲ್ಲದ ದಿನ ಠಾಣೆಯ ಹಿತ್ತಿಲಲ್ಲಿ ಕಟ್ಟಿಗೆ ಒಲೆ ಹೊತ್ತಿಸಿ ಎಲ್ಲರಿಗೂ ಜೋಳದ ರೊಟ್ಟಿ ಬಡಿಯುತ್ತಿದ್ದರು. ಅವರ ಕೋಟು ಮೊದಲು ಯಾವ ಬಣ್ಣದ್ದಾಗಿತ್ತೋ ಯಾರಿಗೂ ಗೊತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅದು ಬರೀ ಕಪ್ಪಾಗಿತ್ತು. ಮೊಳೆಯಿಂದ ತೆಗೆದು ನೆಲಕ್ಕಿಟ್ಟರೆ ಸ್ವಲ್ಪ ಹೊತ್ತು ತಾನೇ ನಿಲ್ಲುತ್ತದೆ ಎಂದು ನಮ್ಮ ಗಾಡಿ ಓಡಿಸುವ ಚಾಲಕರೊಬ್ಬರು ಹೇಳುತ್ತಿದ್ದರು. ನಿಂತದ್ದನ್ನು ನಾನು ನೋಡಿಲ್ಲ.

ಕೋಟು ಎಷ್ಟು ಕಪ್ಪೋ ಮನುಷ್ಯ ಅಷ್ಟು ಅನುಭವಿ ಎಂಬುದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳದ ಲೆಕ್ಕ. ಹೊಸ ಕೋಟಿನವನು ಮುಂದೆ ನಿಂತರೆ ಹಳಬರು ಕೈಯಿಂದ ಪಕ್ಕಕ್ಕೆ ಸರಿಸುತ್ತಿದ್ದರು. ಆದ್ದರಿಂದ ಹೊಸದಾಗಿ ಸೇರಿದವರು ತಮ್ಮ ಕೋಟನ್ನು ಕಾಕಾ ಅವರ ಕೋಟಿನ ಪಕ್ಕದ ಮೊಳೆಗೇ ನೇತುಹಾಕಿ, ಹೋಗುತ್ತ ಬರುತ್ತ ಎರಡನ್ನೂ ಒಂದಕ್ಕೊಂದು ಒತ್ತಿ ಹೋಗುತ್ತಿದ್ದರು. ನಾನೂ ಒತ್ತಿದ್ದೇನೆ.

ಇನ್ನೊಂದು ಪದ್ಧತಿ ಇತ್ತು. ಠಾಣೆಯವರ ಮನೆಯಲ್ಲಿ ಕೂಸು ಹುಟ್ಟಿದರೆ ಹೆಸರಿಡುವ ಮೊದಲು ಅದನ್ನು ಠಾಣೆಗೆ ತರುತ್ತಿದ್ದರು. ಕಾಕಾ ತಮ್ಮ ಕೋಟಿನ ಕಾಲರಿನ ಒಳಮಗ್ಗುಲಿಗೆ ಹೆಬ್ಬೆರಳು ತಿಕ್ಕಿ, ಬಂದ ಮಸಿಯಿಂದ ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದರು. ಬೇರೆಯವರು ಕಾಡಿಗೆ ಇಡುತ್ತಾರೆ, ನಾವು ಬೆಂಕಿಯ ಮಸಿ ಇಡುತ್ತಿದ್ದೆವು. ಸುದ್ದಿ ಹರಡಿ ಊರ ಮಾರುಕಟ್ಟೆ ಗಂಜ್‌ನ ಅಂಗಡಿಕಾರರೂ, ಹತ್ತಿರದ ಹಳ್ಳಿಗಳ ರೈತರೂ ಕೂಸು ಎತ್ತಿಕೊಂಡು ಗೇಟಿಗೆ ಬರುತ್ತಿದ್ದರು. “ಕಾಕಾ ಅದಾರೇನ್ರಿ?” ಎಂದು ಯಾರಾದರೂ ಕೇಳಿದರೆ ಅದು ಬೆಂಕಿಯ ಕರೆಯಲ್ಲ, ಬೊಟ್ಟಿನದು ಎಂದು ನಮಗೆ ಗೊತ್ತಾಗುತ್ತಿತ್ತು.

ಕಾಲುವೆ ಬರುವ ಮೊದಲು ಈ ಕಡೆ ಸುಡುತ್ತಿದ್ದದ್ದು ಕೆಲವೇ ವಸ್ತುಗಳು ಎಂದು ಕಾಕಾ ಹೇಳುತ್ತಿದ್ದರು: ಜೋಳದ ಕಣಿಕೆಯ ಬಣವೆ, ಗುಡಿಸಲು, ಒಮ್ಮೊಮ್ಮೆ ಹತ್ತಿ. ಕಾಲುವೆ ಬಂದ ಮೇಲೆ ಭತ್ತ ಬಂತು, ಭತ್ತದ ಜೊತೆ ಗೊಬ್ಬರ ಬಂತು, ಡಬ್ಬಿಗಳಲ್ಲಿ ಹುಳ ಕೊಲ್ಲುವ ಔಷಧ ಬಂತು, ಅವುಗಳನ್ನು ಮಾರುವ ಅಂಗಡಿಗಳು ಸಾಲಾಗಿ ಬಂದವು. ಪ್ಲಾಸ್ಟಿಕ್ ಪೈಪು, ತಾಡಪಾಲು, ಪಂಪಿನ ವೈರು. ಅವೂ ಸುಡತೊಡಗಿದವು. ಕೋಟುಗಳು ಮಾತ್ರ ಮೊದಲಿನವೇ ಇದ್ದವು, ಬೊಟ್ಟೂ ಮೊದಲಿನದೇ.

ಮಗಳು ಹುಟ್ಟಿ ಕೆಲವು ದಿನಗಳಾಗಿದ್ದಾಗ ಒಂದು ಗೊಬ್ಬರ ಮತ್ತು ಔಷಧದ ಅಂಗಡಿಗೆ ಬೆಂಕಿ ಬಿತ್ತು. ಮಧ್ಯಾಹ್ನ. ಹೊಗೆ ಹಳದಿಯಾಗಿತ್ತು ಎಂದು ನಾನು, ಹಸಿರಾಗಿತ್ತು ಎಂದು ಚಾಲಕರು. ಅಂಗಡಿಯೊಳಗೆ ಡಬ್ಬಿಗಳು ಒಂದೊಂದಾಗಿ ಸಿಡಿಯುತ್ತಿದ್ದವು. ಆರಿಸಿ ಮುಗಿದ ಮೇಲೆ ನಾವೆಲ್ಲ ಗಾಡಿಯ ಪಕ್ಕ ಕೂತು ವಾಂತಿ ಮಾಡಿದೆವು. ಬಿಸಿಲಿಗೆ ಹೀಗಾಗಿದೆ ಎಂದು ಕಾಕಾ ಎಲ್ಲರಿಗೂ ಮಜ್ಜಿಗೆ ಕುಡಿಸಿದರು. ಅದೇ ಕೋಟಿನಲ್ಲಿ ಮನೆಗೆ ಹೋದೆ. ಕರೆಗಂಟೆ ಬಾರಿಸಿದರೆ ಕ್ವಾರ್ಟರ್ಸ್‌ನಿಂದ ಓಡಿ ಬರಬೇಕಲ್ಲ, ಹಾಗಾಗಿ ನಮ್ಮಲ್ಲಿ ಬಹಳ ಮಂದಿ ಕೋಟನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದೆವು. ನನ್ನದು ಬಾಗಿಲ ಹಿಂದಿನ ಮೊಳೆಗೆ. ಮೊಳೆಯ ಕೆಳಗೆ ತೊಟ್ಟಿಲು.

ಎರಡು ಮೂರು ದಿನಗಳ ಮೇಲೆ ಮಗಳನ್ನು ಬೊಟ್ಟಿಗೆ ಕರೆದೊಯ್ದೆವು. ಫೋಟೋ ಅಂದಿನದು. ಇಲ್ಲಿಂದ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ಕಾಕಾ ತಮ್ಮ ಹೆಬ್ಬೆರಳಿನಿಂದಲೇ ಬೊಟ್ಟು ಇಟ್ಟರು. ಇನ್ನೊಂದರಲ್ಲಿ ಅಂಗಡಿಯ ಗಾಜು ಕೊಯ್ದು ಅವರ ಕೈಗೆ ಬಟ್ಟೆ ಸುತ್ತಿತ್ತು, “ನೀನೇ ಹಚ್ಚೋ ತಮ್ಮಾ” ಎಂದು ಕಾಲರನ್ನು ನನ್ನ ಮುಂದೆ ಹಿಡಿದರು. ಎರಡರಲ್ಲೂ ಮಾತು ಒಂದೇ.

“ಇನ್ನ ಯಾರ ದೃಷ್ಟೀನೂ ಹತ್ತಂಗಿಲ್ಲ ನೋಡವಾ,” ಎಂದು ಕಾಕಾ ನನ್ನ ಹೆಂಡತಿಗೆ ಹೇಳಿದರು. “ಬೆಂಕಿ ಬಂದ್ರೂ ಬಾಗಿಲಾಗ ನಿಂತು ಹೆಸರ ಕೇಳಿ ಹೋಗತದ.”

“ಕೂಸಿಗೆ ಇನ್ನ ಹೆಸರೇ ಇಟ್ಟಿಲ್ಲಲ್ಲೋ ಕಾಕಾ,” ಎಂದರು ಚಾಲಕರು.

“ಅದಕ್ಕೇ ಗುರ್ತ ಸಿಗದಂಗ ಹೋಗತದ.”

ಎಲ್ಲರೂ ನಕ್ಕೆವು. ನಾನು ನಗುತ್ತಿರುವುದು ಫೋಟೋದಲ್ಲಿದೆ.

ಮಾರನೆಯ ದಿನ ಕೆನ್ನೆಯ ಮೇಲೆ ದದ್ದು ಎದ್ದಿತು. ಅದರ ಮಾರನೆಯ ದಿನ ಎದೆಯಲ್ಲಿ ಸುಂಯ್ ಎಂಬ ಸದ್ದು ಶುರುವಾಯಿತು. ಹಾಲು ಕುಡಿಯುವಾಗ ನಾಲ್ಕು ಸಲ ಚೀಪಿ, ಬಿಟ್ಟು, ಉಸಿರಿಗಾಗಿ ಬಾಯಿ ತೆರೆಯುತ್ತಿದ್ದಳು. ದವಾಖಾನೆಗೆ ಒಯ್ದೆವು. ಡಾಕ್ಟರು ಕೆನ್ನೆ ನೋಡಿ, ಎದೆಗೆ ಕೊಳವೆ ಹಚ್ಚಿ, ನನ್ನ ಕಡೆ ತಿರುಗಿದರು.

“ಹೊಲದಾಗ ಔಷಧ ಹೊಡದು ಬಂದು ಕೂಸಿನ ಎತ್ತಿಕೊಂಡಿರೇನು?”

“ನಮಗ ಹೊಲ ಇಲ್ರಿ.”

“ಮತ್ತ ಏನ್ ಕೆಲಸ?”

“ಬೆಂಕಿ ಆರಸ್ತೀನ್ರಿ.”

“ಎಂಥಾ ಬೆಂಕಿ?”

ಆ ಪ್ರಶ್ನೆಯನ್ನು ನನಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅಂಗಡಿಯ ಬೆಂಕಿ, ಕೋಟು, ತೊಟ್ಟಿಲು, ಬೊಟ್ಟು, ಎಲ್ಲ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. “ಅದರಿಂದಾನೇ ಆಗ್ಯಾದಂತ ನಾ ಹೇಳಂಗಿಲ್ಲ. ಸಣ್ಣ ಕೂಸಿಗೆ ನೂರು ಕಾರಣ ಇರತಾವ. ಆದ್ರ ಆ ಅರಿವೆ ಮನಿಯಿಂದ ಹೊರಗ ಇಡ್ರಿ,” ಎಂದರು.

ಮನೆಗೆ ಬಂದ ಮೇಲೆ ಹೆಂಡತಿ ಇನ್ನೊಂದು ವಿಷಯ ಹೇಳಿದಳು. ವಾರಕ್ಕೊಮ್ಮೆ ನನ್ನ ಕೋಟಿನ ತೋಳುಗಳನ್ನು ನೆನೆಸಿ ತಿಕ್ಕುತ್ತಿದ್ದ ತಗಡಿನ ಬುಟ್ಟಿಯಲ್ಲೇ ಕೂಸಿನ ಬಟ್ಟೆಯನ್ನೂ ಒಗೆಯುತ್ತಿದ್ದಳು. ಹೇಳಿ, ಒಂದು ಕೋಲು ತಂದು, ಹಾವು ಎತ್ತುವ ಹಾಗೆ ಕೋಟನ್ನು ಮೊಳೆಯಿಂದ ಎತ್ತಿ ಅಂಗಳಕ್ಕೆ ಹಾಕಿದಳು.

“ಇದು ಒಳಗ ಬರಬೇಕಂದ್ರ ನೀವು ಬರಬ್ಯಾಡ್ರಿ,” ಎಂದಳು. “ನೀವು ಬರಬೇಕಂದ್ರ ಇದು ಬರಬಾರದು.”

ಇದನ್ನೆಲ್ಲ ಬಗೆಹರಿಸಬೇಕಿದ್ದ ಕಾಗದ ಠಾಣೆಯ ಗೋಡೆಯ ಮೇಲೆ ಮೊದಲೇ ಇತ್ತು. ಎಂದೋ ಬಂದ ಸುತ್ತೋಲೆ. ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದರು. ಕ್ಯಾಲೆಂಡರ್ ಎತ್ತಿ ಓದಿದೆ. ಪ್ರತಿ ಬೆಂಕಿಯ ನಂತರ ಕೋಟನ್ನು ಠಾಣೆಯಲ್ಲೇ ತೊಳೆಯಬೇಕು. ಮನೆಗೆ ಒಯ್ಯಬಾರದು, ಮನೆಬಟ್ಟೆಯ ಜೊತೆ ಒಗೆಯಬಾರದು. ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು. ಸೌಮ್ಯ ಸಾಬೂನು ಬಳಸಬೇಕು. ನೆರಳಿನಲ್ಲಿ ಒಣಗಿಸಬೇಕು. ಬರೆದವರು ನಮ್ಮ ಕಡೆ ನೆರಳು ಹುಡುಕಿದವರಲ್ಲ ಎಂದು ಅನ್ನಿಸಿತು. ಉಳಿದದ್ದರಲ್ಲಿ ತಪ್ಪು ಕಾಣಲಿಲ್ಲ.

ಮೊದಲ ಸಲ ಕಾಲುವೆಯಲ್ಲಿ ತೊಳೆದೆ. ಬೇಸಿಗೆಗೆ ನಿಲ್ಲುವ ಮೊದಲಿನ ಕೊನೆಯ ಸರದಿಯ ನೀರು. ನನ್ನ ಕೋಟು ಮತ್ತು ಇನ್ನು ನಾಲ್ಕು. ನೀರಿನ ಮೇಲೆ ಕಪ್ಪು ಪಟ್ಟಿಯೊಂದು ಮೆಲ್ಲಗೆ ಕೆಳಕ್ಕೆ ಹೋಯಿತು, ಅದರ ಮೇಲೆ ಎಣ್ಣೆಯ ಬಣ್ಣಗಳು. ಅರ್ಧ ಗಂಟೆಯಲ್ಲಿ ಕೆಳಗಿನ ಹೊಲದ ರೈತರೊಬ್ಬರು ಏರಿಯ ಮೇಲೆ ಬಂದು ನಿಂತರು.

“ಏನ್ ಸಾಹೇಬ್ರ, ನಮ್ಮ ಭತ್ತಕ್ಕ ಹೊಗಿ ಕುಡಸಾಕತ್ತೀರೇನು?”

“ಕೋಟ ತೊಳ್ಯಾಕತ್ತೀನ್ರಿ. ಔಷಧದ ಅಂಗಡೀದು.”

“ಆ ಅಂಗಡ್ಯಾಗ ನಾನೂ ಎರಡು ಡಬ್ಬಿ ಹೇಳಿಟ್ಟಿದ್ದೆ,” ಎಂದರು ಅವರು. “ಹೀಂಗ ಬರತಾವಂತ ಗೊತ್ತಿದ್ದಿಲ್ಲ.”

ಕೋಟುಗಳನ್ನು ಎತ್ತಿಕೊಂಡು ವಾಪಸು ಬಂದೆ. ಕಾಲುವೆಯಲ್ಲಿ ತೊಳೆಯುವುದು ಅಲ್ಲಿಗೆ ಮುಗಿಯಿತು. ಠಾಣೆಯ ನಲ್ಲಿಯಲ್ಲಿ ನೀರು ಬರುವುದು ಮೂರು ದಿನಕ್ಕೊಮ್ಮೆ, ಗಾಡಿಯ ಟ್ಯಾಂಕಿನ ನೀರು ಬೆಂಕಿಗಷ್ಟೇ. ಆದರೆ ದಿನಾ ಬೆಳಿಗ್ಗೆ ಎಂಟಕ್ಕೆ ಪಂಪು ಸರಿಯಾಗಿದೆಯೇ ಎಂದು ನೋಡಲು ಆ ಟ್ಯಾಂಕಿನಿಂದಲೇ ಸ್ವಲ್ಪ ನೀರನ್ನು ಅಂಗಳದ ಮಣ್ಣಿಗೆ ಹಾರಿಸುವುದು ನಿಯಮ. ಅದನ್ನು ಮಣ್ಣಿನ ಬದಲು ಕೋಟಿನ ಮೇಲೆ ಹಾರಿಸಬಹುದೇ ಎಂದು ಠಾಣೆಯ ಮುಖ್ಯಸ್ಥರಾದ ಸಾಹೇಬರನ್ನು ಕೇಳಿದೆ. ಅವರು ಯೋಚಿಸಿ, ನೀರು ಎಲ್ಲಿ ಬೀಳಬೇಕೆಂದು ನಿಯಮದಲ್ಲಿ ಬರೆದಿಲ್ಲ ಎಂದರು.

ಅಂದಿನಿಂದ ಏಣಿಯನ್ನು ಗೋಡೆಗೆ ಆನಿಸಿ, ಮೆಟ್ಟಿಲಿಗೊಂದರಂತೆ ಕೋಟು ಕಟ್ಟಿ, ಪೈಪು ಹಿಡಿದು ನೀರು ಹಾರಿಸುತ್ತಿದ್ದೆವು. ಮೊದಲು ಸಣ್ಣ ಧಾರೆ, ಆಮೇಲೆ ಇಳಿಸಿ ಬುಟ್ಟಿಯಲ್ಲಿ ಸಾಬೂನು, ಮೆತ್ತನೆಯ ಬ್ರಷ್ಷು, ಮತ್ತೆ ಧಾರೆ. ಕೊಳಕು ನೀರು ಕಾಲುವೆಗೆ ಹೋಗದಂತೆ ಒಂದು ಗುಂಡಿ ತೋಡಿದೆ. ಕರೆಂಟಿನ ಕೆಲಸಕ್ಕೆ ಇಟ್ಟಿದ್ದ ರಬ್ಬರ್ ಕೈಗವಸುಗಳು ಉಪಯೋಗಕ್ಕೆ ಬಂದವು. ರಸ್ತೆಯಲ್ಲಿ ಹೋಗುವವರಿಗೆ ನಾವು ದಿನಾ ಬೆಳಿಗ್ಗೆ ಏಣಿಯ ಮೇಲಿನ ಐದಾರು ಜನರನ್ನು ರಕ್ಷಿಸುವ ಬದಲು ತೋಯಿಸುತ್ತಿರುವಂತೆ ಕಾಣುತ್ತಿತ್ತು. ಒಣಗಿಸಲು ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ಹಗ್ಗ ಕಟ್ಟಿದೆ, ಅಲ್ಲಿ ನೆರಳಿತ್ತು.

“ಲಾಂಡ್ರಿ ಸಾಹೇಬ್ರು ಬಂದ್ರು, ದಾರಿ ಬಿಡ್ರಿ,” ಎಂದು ಚಾಲಕರು ದಿನಾ ಕೂಗುತ್ತಿದ್ದರು. “ನನ್ನ ಪ್ಯಾಂಟಿಗೆ ಒಂದೀಟು ಇಸ್ತ್ರೀ ಹಾಕ್ತೀರೇನ್ರಿ?” ಅವರ ಕೋಟನ್ನೂ ಕೊಡುತ್ತಿದ್ದರು. ಕೊಟ್ಟೇ ನಗುತ್ತಿದ್ದರು.

ಕೊಡದವರು ಕಾಕಾ ಒಬ್ಬರೇ.

“ತೊಳದ್ರ ಏನ್ ಉಳೀತದೋ ತಮ್ಮಾ? ನನ್ನ ನೌಕರೀದು ಅಷ್ಟೂ ಬೆಂಕಿ ಇದರಾಗ ಅದ.”

“ಅದಕ್ಕೇ ತೊಳೀಬೇಕ್ರಿ ಕಾಕಾ.”

“ನಿನ್ನ ಕೂಸಿಗೆ ಮೈಯಾಗ ಆರಾಮಿಲ್ಲಂತ ಊರ ಮಂದಿ ಕೂಸಿಗೆಲ್ಲ ಬೊಟ್ಟ ಬಿಡಸ್ತಿ ಏನು?”

ಬಿಡಿಸಬೇಕು ಎಂದೇ ನನ್ನ ಮನಸ್ಸಿನಲ್ಲಿತ್ತು. ಅಂದಿನಿಂದ ಅವರು ನನ್ನ ಜೊತೆ ಮಾತು ಬಿಟ್ಟರು. ರೊಟ್ಟಿ ಕೊಡುವುದನ್ನು ಬಿಡಲಿಲ್ಲ, ಆದರೆ ನನ್ನ ಪಾಲಿನದು ಒಂದು ಮಗ್ಗುಲು ಹಸಿಯಾಗಿರುತ್ತಿತ್ತು. ಇದು ಕಾಕತಾಳೀಯವೂ ಇರಬಹುದು.

ಅಷ್ಟರಲ್ಲಿ ಬಾಣಂತನಕ್ಕೆ ತವರಿಗೆ ಬಂದಿದ್ದ ಚಾಲಕರ ಮಗಳು ಗಂಡುಮಗು ಹೆತ್ತಳು. ಮೊಮ್ಮಗನನ್ನು ಸೋಮವಾರ ಬೊಟ್ಟಿಗೆ ತರುವುದೆಂದು ಚಾಲಕರು ಹೇಳಿಬಿಟ್ಟರು. ಔಷಧದ ಅಂಗಡಿಯ ಮಸಿ ಕಾಕಾ ಅವರ ಕಾಲರಿನಲ್ಲಿ ಹಾಗೇ ಇತ್ತು. ನಾನು ಚಾಲಕರನ್ನು ಪಕ್ಕಕ್ಕೆ ಕರೆದು ನನ್ನ ಮಗಳ ವಿಷಯ ಹೇಳಿದೆ. “ಡಾಕ್ಟರ್ ಖರೇ ಹಂಗಂದಾರೇನು?” ಎಂದರು. ಅಂದಿಲ್ಲ, ಅಂದಿಲ್ಲ ಎಂದೇ ಹೇಳಬೇಕಾಯಿತು. “ಹಂಗಾರ ಕಾಕಾನ ಮನಸ ಯಾಕ ಮುರೀಬೇಕು ಬಿಡು,” ಎಂದರು.

ಭಾನುವಾರ ಹೆಂಡತಿ ಮಗಳನ್ನು ಎತ್ತಿಕೊಂಡು ಠಾಣೆಗೆ ಬಂದಳು. ನಾನು ಕರೆದಿರಲಿಲ್ಲ. ಕಾಕಾ ಒಲೆಯ ಮುಂದೆ ಇದ್ದರು. ಅವಳು ನೇರ ಅವರ ಹತ್ತಿರ ಹೋಗಿ ಕೂತು, ಮಗಳ ಎದೆ ಅವರ ಕಿವಿಗೆ ತಾಕುವಂತೆ ಎತ್ತಿ ಹಿಡಿದಳು.

“ಕೇಳ್ರಿ ಕಾಕಾ.”

ಅವರು ಹಿಟ್ಟಿನ ಕೈ ಮೇಲೆತ್ತಿಕೊಂಡೇ ಕೇಳಿದರು. ಬಹಳ ಹೊತ್ತು ಕೇಳಿದರು, ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

“ನನ್ನ ಕೋಟಿಂದ ಆಗ್ಯಾದಂತೀ ಏನವಾ?”

“ನನಗ ಗೊತ್ತಿಲ್ರಿ. ನಿಮ್ಮ ಕೋಟಿಂದೋ, ಇವರ ಕೋಟಿಂದೋ, ನಾ ಒಗದ ನೀರಿಂದೋ. ಮೂರರಾಗ ಎರಡು ನಾವು ಬಿಟ್ಟೀವಿ.”

ಕಾಕಾ ಎದ್ದು ಹೋಗಿ ಕೋಟು ತಂದರು. ಜೇಬುಗಳನ್ನು ಒಂದೊಂದಾಗಿ ಖಾಲಿ ಮಾಡಿದರು: ವೀಳ್ಯದೆಲೆ, ಅಡಿಕೆ, ಸುಣ್ಣದ ಡಬ್ಬಿ, ಅರ್ಧ ಬೀಡಿ, ಅಂಗಡಿಯ ಗಾಜಿನ ಚೂರು. ಎಲೆಯ ಅಂಚು ಕಪ್ಪಾಗಿತ್ತು.

“ಇದನ್ನ ಬಾಯಾಗ ಹಾಕ್ಕೋತೀರೇನ್ ಕಾಕಾ?” ಎಂದಳು ಹೆಂಡತಿ.

“ಮತ್ತ ಕಿವ್ಯಾಗ ಹಾಕ್ಕೋಬೇಕೇನು?”

ಅಂದೇ ತೊಳೆದೆ. ನೀರು ಏಳು ಸಲ ಕಪ್ಪಾಯಿತು. ಹೀಗೆ ಹೇಳುವಾಗ ಏಳು ಎನ್ನುತ್ತೇನೆ, ಐದು ಇದ್ದಿರಬಹುದು. ಕೊನೆಗೆ ಕೋಟಿಗೆ ಒಂದು ಬಣ್ಣ ಬಂತು, ಹಳೆಯ ಖಾಕಿ. ಕಾಕಾ ದೂರದಲ್ಲಿ ಕೂತು ನೋಡುತ್ತಿದ್ದವರು “ಇದು ಯಾರದೋ?” ಎಂದರು. ನಗಿಸಲು ಹೇಳಿದರೋ ಏನೋ, ಯಾರೂ ನಗಲಿಲ್ಲ. ಶೆಡ್ಡಿನ ಹಗ್ಗಕ್ಕೆ ಹಾಕಿ ಬಂದೆ.

ಸೋಮವಾರ ಬೆಳಿಗ್ಗೆ ನೋಡಿದರೆ ಕಾಲರಿನ ಒಳಮಗ್ಗುಲು ಕಪ್ಪಾಗಿತ್ತು.

ಹಿಂದಿನ ದಿನ ಯಾವ ಬೆಂಕಿಯ ಕರೆಯೂ ಬಂದಿರಲಿಲ್ಲ. ನನಗೆ ಸಿಟ್ಟು ಬಂತು, ಅದು ಚೆನ್ನಾಗಿ ನೆನಪಿದೆ. ಕಾಕಾ ಗಾಡಿಯೊಳಗಿನ ಹಳೆಯ ಸೀಟಿಗೆ ತಿಕ್ಕಿ ಹಳೆಯ ಮಸಿಯನ್ನೇ ವಾಪಸು ತಂದಿದ್ದಾರೆ ಎಂದುಕೊಂಡೆ. ಎಲ್ಲರೆದುರು ಕೂಗಾಡಿದೆ. ನಿಮಗೆ ಕೂಸಿನ ಜೀವಕ್ಕಿಂತ ನಿಮ್ಮ ದೊಡ್ಡಸ್ತಿಕೆಯೇ ಹೆಚ್ಚಾಯಿತೇ ಎಂದು ಕೇಳಿದೆ. ತಂದೆಯ ವಯಸ್ಸಿನವರಿಗೆ ಹಾಗೆ ಮಾತಾಡುವುದು ನಮ್ಮಲ್ಲಿಲ್ಲ. ಚಾಲಕರು “ಏ, ಹಿರೇರ ಜೋಡಿ ಹೀಂಗ ಮಾತಾಡ್ತಾರೇನು, ಸುಮ್ನಿರು” ಎಂದು ನನ್ನ ಭುಜ ಹಿಡಿದರು. ಕಾಕಾ ನನ್ನ ಕೈ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದರು.

ಒಲೆಯ ಮೇಲಿನ ರೊಟ್ಟಿಹಂಚನ್ನು ಮಗುಚಿ ತೋರಿಸಿದರು. ಹಂಚಿನ ತಳದಲ್ಲಿ ಚಮಚದಿಂದ ಕೆರೆದ ಗುರುತುಗಳಿದ್ದವು, ಕೆರೆದಲ್ಲಿ ಕಬ್ಬಿಣ ಹೊಳೆಯುತ್ತಿತ್ತು.

“ಕಾಲರ್ ಮೂಸಿ ನೋಡು.”

ಮೂಸಿದೆ. ಸಾಬೂನು ಮತ್ತು ಕಟ್ಟಿಗೆ ಹೊಗೆಯ ವಾಸನೆ.

“ಹಂಚಿನ ಮಸಿ ಹಚ್ಚಬೇಕಾದ್ರ ಹಂಚಿಂದನೇ ಹಚ್ಚಬಹುದಿತ್ತಲ್ರಿ,” ಎಂದೆ.

“ಹಂಚಿಂದ ಹಚ್ಚಿದ್ರ ಯಾರ ಬರತಾರೋ? ಹಂಚು ಎಲ್ಲಾರ ಮನ್ಯಾಗೂ ಅದ.”

ಕಾಕಾ ಹಂಚನ್ನು ಮತ್ತೆ ಒಲೆಯ ಮೇಲೆ ಇಟ್ಟರು. “ಯಾರಿಗೂ ಹೇಳಬ್ಯಾಡ,” ಎಂದರು. “ಲಾಂಡ್ರಿ ನೀ ನೋಡ್ಕೋ, ಬೊಟ್ಟ ನಾ ನೋಡ್ಕೋತೀನಿ.”

ಹತ್ತು ಗಂಟೆಗೆ ಚಾಲಕರ ಮೊಮ್ಮಗ ಬಂದ. ಕಾಕಾ ತೊಳೆದ ಕೋಟು ಹಾಕಿಕೊಂಡು, ಕಾಲರಿಗೆ ಹೆಬ್ಬೆರಳು ತಿಕ್ಕಿ, ಬೊಟ್ಟು ಇಟ್ಟರು. ಬೆಂಕಿ ಬಾಗಿಲಲ್ಲಿ ನಿಂತು ಹೆಸರು ಕೇಳುವ ಮಾತನ್ನೂ ಹೇಳಿದರು. ಆ ಕೂಸಿಗೆ ದದ್ದು ಏಳಲಿಲ್ಲ. ಚಾಲಕರು ಮುಂದಿನ ವಾರ ನನ್ನನ್ನು ನಿಲ್ಲಿಸಿ “ನೋಡಿದೇನು, ಕಾಕಾನ ಬೊಟ್ಟಿಗೆ ಏನೂ ಆಗಂಗಿಲ್ಲ, ಸುಮ್ನ ಹೆದರಿಸಿದ್ದಿ” ಎಂದರು. ಹೌದು ಎಂದೆ.

ಆಮೇಲೆ ಕಾಕಾ ನಿವೃತ್ತರಾಗುವವರೆಗೂ ಹೀಗೇ ನಡೆಯಿತು. ಬೆಂಕಿಯಿಂದ ಬಂದ ಕೂಡಲೇ ನಾನು ಕೋಟು ತೊಳೆಯುತ್ತಿದ್ದೆ, ಒಣಗಿದ ಮೇಲೆ ಅವರು ಕಾಲರಿಗೆ ಹಂಚಿನ ಮಸಿ ಸವರುತ್ತಿದ್ದರು, ಮುಂದಿನ ಬೆಂಕಿಯ ನಂತರ ನಾನು ಅದನ್ನೂ ಸೇರಿಸಿ ತೊಳೆಯುತ್ತಿದ್ದೆ. ರೊಟ್ಟಿಯ ಮಸಿ ಬೇಗ ಹೋಗುತ್ತದೆ. ನನ್ನ ಪಾಲಿನ ರೊಟ್ಟಿ ಎರಡೂ ಮಗ್ಗುಲು ಬೇಯತೊಡಗಿತು. ಎಲೆ-ಅಡಿಕೆಗೆ ಹೆಂಡತಿ ಒಂದು ಬಟ್ಟೆಯ ಚೀಲ ಹೊಲಿದುಕೊಟ್ಟಳು, ಅದನ್ನು ಅವರು ಅಂಗಿಯ ಜೇಬಿನಲ್ಲಿ ಇಡುತ್ತಿದ್ದರು. ಅವರಿಗೆ ಮೊದಲಿನಿಂದ ಇದ್ದ ಕೆಮ್ಮು ನಿವೃತ್ತಿಯ ನಂತರ ಅವರ ಜೊತೆ ದೇವಾಪುರಕ್ಕೆ ಹೋಯಿತು. ಅದು ಕೋಟಿನದೋ ಬೀಡಿಯದೋ ಎಂದು ಕೊನೆಯವರೆಗೂ ಯಾರೂ ಅವರನ್ನು ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮಗಳ ಕೆನ್ನೆ ಒಂದು ತಿಂಗಳಲ್ಲಿ ಸರಿಹೋಯಿತು. ಎದೆಯ ಸದ್ದು ಮಳೆಗಾಲಕ್ಕೆ ಕಡಿಮೆಯಾಯಿತು. ಈಗ ಅವಳಿಗೆ ಮದುವೆಯಾಗಿದೆ. ಹತ್ತಿ ಬಿಡಿಸುವ ಕಾಲಕ್ಕೆ, ಚಳಿಯ ಬೆಳಿಗ್ಗೆಗಳಲ್ಲಿ, ಉಸಿರು ಕಟ್ಟುತ್ತದೆ. ಪಂಪು ಒತ್ತಿ ಎಳೆದುಕೊಳ್ಳುವ ಔಷಧ ಚೀಲದಲ್ಲಿ ಇರುತ್ತದೆ. ಹೊಸ ಡಾಕ್ಟರು ಯಾರೇ ಸಿಕ್ಕರೂ ಸಣ್ಣವಳಿದ್ದಾಗ ಏನಾದರೂ ಆಗಿತ್ತೇ ಎಂದು ಕೇಳುತ್ತಾರೆ, ಅವಳು ನನಗೆ ಫೋನು ಹಚ್ಚುತ್ತಾಳೆ.

“ಅಪ್ಪಾ, ಮತ್ತೊಮ್ಮೆ ಸರಿಯಾಗಿ ಹೇಳು. ಏನಾಗಿತ್ತು?”

ಅಂಗಡಿಯ ಬೆಂಕಿ, ಬಾಗಿಲ ಹಿಂದಿನ ಮೊಳೆ, ಬುಟ್ಟಿ, ಬೊಟ್ಟು, ಇಷ್ಟನ್ನು ಹೇಳುತ್ತೇನೆ. ಇದರಲ್ಲಿ ಯಾವುದರಿಂದ ಆಯಿತೋ, ಅಥವಾ ಯಾವುದರಿಂದಲೂ ಅಲ್ಲವೋ, ಗೊತ್ತಿಲ್ಲ. ಬೊಟ್ಟು ಯಾವ ಕೆನ್ನೆಗೆ ಇಟ್ಟದ್ದೋ ಗೊತ್ತಿಲ್ಲ. ಹೆಬ್ಬೆರಳು ಕಾಕಾ ಅವರದೋ ನನ್ನದೋ, ಅದೂ ಗೊತ್ತಿಲ್ಲ.